ತೋಟಕ್ಕೆ ಬಿದ್ದ ಹಾಳೆ, ತಲೆಗೇರಿದ ಮುಟ್ಟಾಳೆ

ಅರಂತೋಡಿನ ಅಡಿಕೆ ತೋಟದಲ್ಲಿ ಸೋಗೆ ಬಿದ್ದರೆ ಯಾರೂ ಬೆಚ್ಚುವುದಿಲ್ಲ. ಮರದ ಕುತ್ತಿಗೆಯಿಂದ ಸೋಗೆಯ ಬುಡದ ಹಾಳೆ ಬಿಡಿಸಿಕೊಳ್ಳುವಾಗ ಸಣ್ಣಗೆ ಚರಚರ, ಪಕ್ಕದ ಮರಗಳ ಸೋಗೆಗೆ ತಾಗುತ್ತ ಇಳಿಯುವಾಗ ಒಂದು ಸರಸರ, ಕೊನೆಗೆ ನೆಲಕ್ಕೆ ಧೊಪ್ಪನೆ. ಶಾಲೆಗೆ ರಜೆಯಿದ್ದರೆ ಮಕ್ಕಳು ಓಡುತ್ತಾರೆ. ಒಬ್ಬ ಹಾಳೆಯ ಮೇಲೆ ಕೂರುವುದು, ಇನ್ನೊಬ್ಬ ಸೋಗೆ ಹಿಡಿದು ಅಂಗಳದ ತುಂಬ ಎಳೆಯುವುದು. ದೊಡ್ಡವರಾದರೆ ಕತ್ತಿಯಿಂದ ಸೋಗೆ ಕಡಿದು, ಹಾಳೆ ಬೇರೆ ಮಾಡಿ, ಮಳೆ ಹಿಡಿಯುವ ಮೊದಲು ಒಣಗಿಸಿ ಅಟ್ಟಕ್ಕೆ ಸೇರಿಸುತ್ತಾರೆ.

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆಯ ಕಡೆ ಹೋಗುವವರಿಗೆ ಅರಂತೋಡು ಸಿಗುತ್ತದೆ. ದೇವರ ಮೀನುಗಳ ತೊಡಿಕಾನಕ್ಕೆ ಹೋಗುವ ದಾರಿ ಇಲ್ಲಿಂದಲೇ ತಿರುಗುತ್ತದೆ. ಎರಡೂ ಬದಿಗೆ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ. ಮನೆಯೊಳಗೆ ಅರೆಭಾಷೆ, ತೋಟದಲ್ಲಿ ತುಳು, ಪೇಟೆಯಲ್ಲಿ ಎರಡರ ಜೊತೆಗೆ ಕನ್ನಡ. ಯಾವ ಭಾಷೆಯಲ್ಲಿ ಮಾತಾಡಿದರೂ ಹಾಳೆಯ ಲೆಕ್ಕ ಬೇರೆ ಬೇರೆಯೇನಲ್ಲ. ಹೆತ್ತ ಮನೆಯಲ್ಲಿ ಎಳೆಗೂಸನ್ನು ಎಣ್ಣೆ ತಿಕ್ಕಿ ಮೀಯಿಸುತ್ತಿದ್ದದ್ದು ಹಾಳೆಯ ಮೇಲೆ ಮಲಗಿಸಿ. ಸೆಕೆಗಾಲಕ್ಕೆ ಬೀಸಣಿಗೆ ಹಾಳೆಯದು. ಗಡಿಯಾಚೆ ಕಾಸರಗೋಡಿನ ಕಡೆ ಬಾವಿಯ ನೀರು ಸೇದುವ ತೊಟ್ಟಿಯೂ ಹಾಳೆಯದೇ ಇತ್ತು. ಏನೂ ಆಗದ ಹಾಳೆ ಚೂರಾಗಿ ದನದ ಬಾಯಿಗೆ ಹೋಗುತ್ತಿತ್ತು. ಇವೆಲ್ಲದರ ನಡುವೆ ತಲೆಗೇರಿದ್ದು ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ.

ಹೊರಗಿನಿಂದ ಬಂದವರು ಅದನ್ನು ಮೊದಲು ನೋಡುವುದು ಸಾಮಾನ್ಯವಾಗಿ ವೇದಿಕೆಯ ಮೇಲೆ. ಆಟಿ ತಿಂಗಳ ಕೂಟಗಳಲ್ಲಿ, ತುಳು ಸಮ್ಮೇಳನಗಳಲ್ಲಿ ಅತಿಥಿಗೆ ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಮುಟ್ಟಾಳೆ ಇಡುತ್ತಾರೆ. ಮುಂಬೈಯಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಕರಾವಳಿಯವರ ಸಮಾರಂಭಗಳಲ್ಲೂ ಇದು ರೂಢಿ. ರಜೆಗೆ ಬಂದವರು ಮರಳುವಾಗ ಒಂದೆರಡನ್ನು ಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ, ಗೋಡೆಗೆ ತೂಗು ಹಾಕಲು. ಊರಿನ ನೆನಪಿಗೆ ಕೊಂಡೊಯ್ಯುವ ವಸ್ತುವಾಗಿ ಮುಟ್ಟಾಳೆ ಯಾರ ಯೋಜನೆಯೂ ಇಲ್ಲದೆ ತಾನಾಗಿಯೇ ನಿಂತುಬಿಟ್ಟಿದೆ.

ಆದರೆ ಅದು ಹುಟ್ಟಿದ್ದು ಗೋಡೆಗಾಗಿ ಅಲ್ಲ. ಗೊಬ್ಬರದ ಬುಟ್ಟಿ, ಸೊಪ್ಪಿನ ಹೊರೆ, ಅಡಿಕೆಯ ಗೊನೆ ಹೊರುವ ತಲೆಗೆ ಮೆತ್ತೆ ಬೇಕಿತ್ತು. ನೇಗಿಲ ಹಿಂದೆ ನಡೆಯುವವನಿಗೆ ಬಿಸಿಲು ತಡೆಯಬೇಕಿತ್ತು. ತೋಟದಲ್ಲಿ ಮೇಲಿನಿಂದ ತೊಟ್ಟಿಕ್ಕುವ ನೀರು ಕಣ್ಣಿಗೆ ಇಳಿಯಬಾರದಿತ್ತು. ಕಾಸು ಕೊಟ್ಟು ಕೊಳ್ಳದೆ ಸಿಗುವ ಹಾಳೆಯಿಂದ ದುಡಿಯುವವನು ತನ್ನ ತಲೆಗೆ ತಾನೇ ಮಾಡಿಕೊಂಡದ್ದು ಅದು.

ಮುಟ್ಟಾಳೆ ಹೊಲಿಯುವ ಕೈಯನ್ನು ಹತ್ತಿರ ಕೂತು ನೋಡಬೇಕು. ಮೊದಲ ಕೆಲಸ ಆಯ್ಕೆ. ಹಾಳೆ ಅಗಲವಿರಬೇಕು, ಎಲ್ಲೂ ಸೀಳಿರಬಾರದು, ಮಳೆಗೆ ಸಿಕ್ಕಿ ಕಪ್ಪು ಬೂಸ್ಟು ಹಿಡಿದಿರಬಾರದು. ಒಣಗಿದ ಹಾಳೆ ಹಲಗೆಯ ಹಾಗೆ ಬಿರುಸು. ಬಲವಂತ ಮಾಡಿದರೆ ನಾರಿನುದ್ದಕ್ಕೂ ಸೀಳಿಬಿಡುತ್ತದೆ. ನೀರಿನಲ್ಲಿ ನೆನೆಸಿಟ್ಟರೆ ಅದೇ ಹಾಳೆ ಹದ ಮಾಡಿದ ತೊಗಲಿನಂತೆ ಬಳುಕುತ್ತದೆ. ಒಳಮೈಯ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿದರೆ ಕೆಳಗೆ ಕೆನೆಬಣ್ಣದ ನುಣುಪು ಮೈ. ಇನ್ನು ಅಂಚು ಸವರುವುದು, ಎರಡು ತುದಿಗಳನ್ನು ಒಳಕ್ಕೆ ತಂದು ನೆರಿಗೆ ಹಿಡಿಯುವುದು. ಸೀರೆಯ ನೆರಿಗೆಯಂತೆಯೇ ಬೆರಳುಗಳ ನಡುವೆ ಒಂದರ ಮೇಲೊಂದು ಕೂರುತ್ತದೆ. ಆದರೆ ಇಲ್ಲಿ ಮಡಿಕೆ ನಾರು ಹೋದ ದಾರಿಯಲ್ಲೇ ಬೀಳಬೇಕು. ನಾರಿಗೆ ಅಡ್ಡ ಮಡಚಿದರೆ ಒಣಗಿದ ಮೇಲೆ ಅಲ್ಲಿಯೇ ಬಿರುಕು. ನೆರಿಗೆಗಳನ್ನು ನಾರಿನಿಂದಲೋ ಗಟ್ಟಿ ನೂಲಿನಿಂದಲೋ ಬಿಗಿದು ಹೊಲಿದು, ತಲೆಯ ಆಕಾರಕ್ಕೆ ಉಬ್ಬಿಸಿ ಒಣಗಲು ಬಿಡುತ್ತಾರೆ. ಅಳತೆಪಟ್ಟಿ ಇಲ್ಲ, ಗುರುತು ಹಾಕುವ ಪೆನ್ಸಿಲ್ ಇಲ್ಲ. ಅಳತೆಯೆಲ್ಲ ಗೇಣಿನಲ್ಲಿ. ಊರಿಂದೂರಿಗೆ ಆಕಾರವೂ ಬದಲು: ಕೆಲವು ತಲೆಗೆ ಅಂಟಿ ಕೂರುವಂಥವು, ಕೆಲವು ಹೊರೆ ನಿಲ್ಲಲೆಂದು ಆಳವಾಗಿ ಮಾಡಿದಂಥವು.

ಜಪಾನಿನಲ್ಲಿ ಇದಕ್ಕೊಂದು ದೂರದ ನೆಂಟ ಇದ್ದಾನೆ. ತೊಯಾಮಾ ಪ್ರಾಂತ್ಯದ ತಕಾಓಕಾ ನಗರಕ್ಕೆ ಸೇರಿದ ಫುಕುಓಕಾ ಎಂಬ ಪ್ರದೇಶದಲ್ಲಿ ಗದ್ದೆಯಲ್ಲಿ ಬೆಳೆಸಿದ ಜೇಕಿನಂಥ ಹುಲ್ಲಿನಿಂದ ಟೊಪ್ಪಿ ಹೊಲಿಯುತ್ತಾರೆ. ಹೆಸರು ಸುಗೆಗಾಸಾ. ಬಿದಿರಿನ ಚೌಕಟ್ಟು ಕಟ್ಟುವುದು ಗಂಡಸರು, ಹುಲ್ಲು ಹೊಲಿಯುವುದು ಹೆಂಗಸರು, ಇದು ಅಲ್ಲಿನ ಹಳೆಯ ಪದ್ಧತಿ. ಅದೂ ನಾಟಿ ಮಾಡುವವರ, ದಾರಿ ನಡೆಯುವವರ ಟೊಪ್ಪಿಯೇ. ಅದನ್ನು ಜಪಾನ್ ಸರಕಾರ 2017ರಲ್ಲಿ ರಾಷ್ಟ್ರದ ಸಾಂಪ್ರದಾಯಿಕ ಕರಕುಶಲ ವಸ್ತುಗಳ ಪಟ್ಟಿಗೆ ಸೇರಿಸಿತು. ಇಂದು ಜಪಾನಿಗೆ ಹೋದ ವಿದೇಶೀಯರು ಬೀಸಣಿಗೆ, ಅರಗಿನ ಬಟ್ಟಲು, ಕೊಕೆಶಿ ಗೊಂಬೆಗಳ ಜೊತೆಗೆ ಹುಡುಕಿ ಕೊಳ್ಳುವ ವಸ್ತುಗಳಿಗೆ ಬೆನ್ನೆಲುಬಾಗಿರುವುದು ಇಂಥ ಪಟ್ಟಿ.

ಆ ಪಟ್ಟಿಯ ಹಿಂದೆ 1974ರ ಒಂದು ಕಾನೂನಿದೆ. ಕಾರ್ಖಾನೆಯ ಸರಕಿನ ಮುಂದೆ ಕೈಕೆಲಸ ಸೋಲುತ್ತಿದ್ದ ಕಾಲದಲ್ಲಿ ಬಂದದ್ದು. ವಸ್ತು ದಿನಬಳಕೆಯದಾಗಿರಬೇಕು, ಮುಖ್ಯ ಭಾಗ ಕೈಯಲ್ಲೇ ಆಗಬೇಕು, ವಿಧಾನವೂ ಕಚ್ಚಾವಸ್ತುವೂ ಹಿಂದಿನಿಂದ ಬಂದದ್ದಾಗಿರಬೇಕು, ಒಂದು ಸೀಮೆಯಲ್ಲಿ ಮಾಡುವವರು ತಕ್ಕಷ್ಟು ಮಂದಿ ಇರಬೇಕು. ಈ ಷರತ್ತುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ತೂಕದ್ದು. ಬದುಕಿನ ಬಳಕೆಗೆ ಬಂದ ವಸ್ತುವೇ ಉಳಿಯಲಿ ಎಂಬ ಹಟ ಆ ಕಾನೂನಿನೊಳಗಿದೆ.

ಮರ ಕಳಚಿಕೊಂಡ ಹೊದಿಕೆಯನ್ನೇ ಕಸುಬಿಗೆ ಹಚ್ಚುವುದೂ ಅಲ್ಲಿ ಹೊಸತಲ್ಲ. ಬಿದಿರಿನ ಮೊಳಕೆಯ ಹಾಳೆಯಲ್ಲಿ ಅವರು ಅನ್ನದ ಉಂಡೆ ಕಟ್ಟಿ ಒಯ್ಯುತ್ತಿದ್ದರು. ಹೊಕುಸಾಯ್, ಹಿರೊಶಿಗೆಯವರ ಮರದಚ್ಚಿನ ಚಿತ್ರಗಳನ್ನು ಕಾಗದಕ್ಕೆ ಒತ್ತುವ ಬಾರೆನ್ ಎಂಬ ದುಂಡನೆಯ ಸಾಧನದ ಹೊದಿಕೆ ಕೂಡ ಬಿದಿರಿನ ಹಾಳೆಯೇ. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ತೂಗುವ ಹೊಕುಸಾಯ್‌ನ ಆ ನೀಲಿ ಅಲೆಯ ಚಿತ್ರದ ಹಿಂದೆ ಒಂದು ಹಾಳೆಯ ಉಜ್ಜಾಟವಿದೆ.

1974 ಎಂದಾಗ ದಕ್ಷಿಣ ಕನ್ನಡದವರಿಗೆ ಬೇರೆಯೇ ನೆನಪಾಗುತ್ತದೆ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು ಆ ವರ್ಷದ ಮಾರ್ಚ್ 1ರಂದು. ಗೇಣಿಗೆ ಉಳುತ್ತಿದ್ದವರು ಉಳುವ ಮಣ್ಣಿಗೆ ಒಡೆಯರಾದರು. ಮುಟ್ಟಾಳೆಯ ಚರಿತ್ರೆಯನ್ನು ಇದರಿಂದ ಬಿಡಿಸಿ ಹೇಳಲಾಗದು. ಅದು ಒಕ್ಕಲಿನವನ, ಕೂಲಿಯವನ ಟೊಪ್ಪಿಯಾಗಿತ್ತು. ಧಣಿಯ ಅಂಗಳದಲ್ಲಿ ತಲೆಯಿಂದ ಕಂಕುಳಿಗೆ ಇಳಿಯುತ್ತಿತ್ತು. ತುಳುನಾಡಿನ ಮನೆಮನೆಯ ದೈವ ಕೊರಗಜ್ಜನ ತಲೆಯ ಮೇಲೆ ಮುಟ್ಟಾಳೆ ಇರುವುದೂ ಈ ಕಾರಣಕ್ಕೇ ಮನಸ್ಸಿಗೆ ತಟ್ಟುತ್ತದೆ: ಬುಟ್ಟಿ ಹೆಣೆದು ಬದುಕಿದ ಕೊರಗ ಸಮುದಾಯದ ಮಗ, ದೈವವಾದ ಮೇಲೂ ತನ್ನ ಟೊಪ್ಪಿ ಬಿಡಲಿಲ್ಲ. ಅದೇ ಟೊಪ್ಪಿ ಇಂದು ಗೌರವವಾಗಿ ಅತಿಥಿಯ ತಲೆಗೇರುತ್ತಿರುವುದು ಸಣ್ಣ ಬದಲಾವಣೆಯಲ್ಲ. ಅದನ್ನು ತೊಡಿಸುವಾಗ ಮಾಡಿದವರ ಹೆಸರನ್ನೂ ವೇದಿಕೆಯಲ್ಲಿ ಹೇಳುವ ಕ್ರಮ ಬಂದರೆ ಆ ಗೌರವ ಪೂರ್ತಿಯಾದೀತು.

ಹಾಳೆಗೆ ಹೊರದೇಶದ ದಾರಿ ಗೊತ್ತಿಲ್ಲದ್ದೇನಲ್ಲ. ಕಾಯಿಸಿದ ಅಚ್ಚಿನ ನಡುವೆ ಒತ್ತಿ ಮಾಡುವ ಹಾಳೆ ತಟ್ಟೆ ಕರಾವಳಿ, ಮಲೆನಾಡುಗಳಿಂದ ಹಡಗು ಹತ್ತಿ ಯುರೋಪು, ಅಮೆರಿಕ ಸೇರಿದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಈ ತಟ್ಟೆಗಳ ಆಮದಿಗೆ ತಡೆ ಒಡ್ಡಿದಾಗ ಇಲ್ಲಿನ ತಯಾರಕರು ಕಂಗಾಲಾದರು. ಊಟದ ತಟ್ಟೆಗಿರುವ ಆ ತೊಡಕು ಟೊಪ್ಪಿಗೆ, ಬೀಸಣಿಗೆಗೆ ಇಲ್ಲ. ಒಂದು ಬಾರಿ ಉಂಡು ಎಸೆಯುವ ತಟ್ಟೆಗಿಂತ ವರ್ಷಗಟ್ಟಲೆ ಉಳಿಯುವ ಕೈಹೊಲಿಗೆಗೆ ಹೆಚ್ಚು ಬೆಲೆ ಕೇಳುವುದೂ ನ್ಯಾಯವೇ.

ಕೊಳ್ಳುವವರು ಹತ್ತಿರದಲ್ಲೇ ಬಂದಿಳಿಯುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರು ಕುದ್ರೋಳಿಯ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಅವರ ಕೈಚೀಲಕ್ಕೆ ಚನ್ನಪಟ್ಟಣದ ಬೊಂಬೆ, ಬೀದರಿನ ಬಿದ್ರಿ ಸೇರುವುದು ಸಂತೋಷವೇ. ಆದರೆ ಎರಡೂ ಘಟ್ಟದ ಮೇಲಿನವು. ಇಲ್ಲಿಯ ಮಣ್ಣಿನ ಗುರುತು ಇರುವ, ಗಾಜಿನಂತೆ ಒಡೆಯದ, ತೂಕವೇ ಇಲ್ಲದ ವಸ್ತು ಮುಟ್ಟಾಳೆ.

ಆದರೆ ಸುಳ್ಯದ ಈ ಅಂಚಿನಲ್ಲಿ ಹಾಳೆಯ ಮೂಲಕ್ಕೇ ಪೆಟ್ಟು ಬಿದ್ದಿದೆ. 1914ರಲ್ಲಿ ಕೇರಳದಲ್ಲಿ ಮೊದಲು ಕಂಡ ಹಳದಿ ಎಲೆ ರೋಗ ಸಂಪಾಜೆ, ಅರಂತೋಡಿನ ತೋಟಗಳನ್ನು ಸೊರಗಿಸಿದೆ. ರೋಗ ತಗಲಿದ ಮರದ ತಲೆ ಕುಗ್ಗುತ್ತದೆ, ಸೋಗೆ ಗಿಡ್ಡವಾಗುತ್ತದೆ, ಫಸಲು ಇಳಿಯುತ್ತದೆ. ಕೊನೆಗೆ ಮರ ಕಡಿಯಬೇಕು. ಇಂಥ ತೋಟದ ಮನೆಗೆ ಅಡಿಕೆಯ ಹೊರತಾದ ಒಂದು ಕಾಸು ಎಷ್ಟು ದೊಡ್ಡದೆಂದು ಅಲ್ಲಿಯವರಿಗೇ ಗೊತ್ತು.

ಮುಟ್ಟಾಳೆ ಕೊಳ್ಳುವವರು ಅದನ್ನು ಒಮ್ಮೆ ತಲೆಗೆ ಇಟ್ಟು ನೋಡಬೇಕು. ಬಣ್ಣ ಬಳಿದು, ಅಂಗೈಯಷ್ಟಕ್ಕೆ ಕುಗ್ಗಿಸಿ ಮಾಡಿದ್ದು ಗೊಂಬೆಗೆ ಸರಿ. ಒಳಗೆ ಕೈಯಾಡಿಸಿದರೆ ನೆರಿಗೆಯ ಕಡೆ ಬಿರುಕು ಸಿಗಬಾರದು. ಹೊಲಿಗೆ ನಾರನ್ನು ಸೀಳದೆ ಹಿಡಿದಿರಬೇಕು. ಮೂಗಿನ ಹತ್ತಿರ ತಂದರೆ ಬೂಸ್ಟಿನ ವಾಸನೆ ಬರಬಾರದು. ಮನೆಗೆ ಒಯ್ದ ಮೇಲೆ ಗಾಜಿನ ಕಪಾಟಿಗಿಂತ ಗಾಳಿಯಾಡುವ ಕಡೆಯ ಗೋಡೆಮೊಳೆ ಒಳ್ಳೆಯದು. ಮಳೆಗಾಲದಲ್ಲಿ ಮೆತ್ತಗಾದರೆ ಒಂದು ಹೊತ್ತಿನ ಎಳೆಬಿಸಿಲು ಸಾಕು, ಮತ್ತೆ ಬಿರುಸಾಗುತ್ತದೆ.