ದೇವರು ಮುನಿದಾನೆಂಬ ಭಯ: ತಪ್ಪು ಕಲ್ಪನೆ ಮತ್ತು ವಾಸ್ತವ

ನಮ್ಮ ರಾಮಥಾಳವೂ ಕೂಡಲಸಂಗಮವೂ ಹುನಗುಂದ ಸೀಮೆಯವೇ. ಬಸವಣ್ಣ ಓದಿ ಬೆಳೆದ, ಕೊನೆಗೆ ಐಕ್ಯನಾದ ಈ ನೆಲದಲ್ಲಿದ್ದುಕೊಂಡೇ ನಾವು ದೇವರನ್ನು ವಸೂಲಿಗೆ ಬರುವ ಸಾಹುಕಾರನೆಂದು ತಿಳಿದು ಅಂಜುತ್ತ ಬಂದಿದ್ದೇವೆ. ಕೆಳಗಿನ ಒಂದೊಂದು ಮಾತನ್ನೂ ನಾವೂ ಒಂದು ಕಾಲಕ್ಕೆ ನಂಬಿದ್ದೆವು.

ತಪ್ಪು ಕಲ್ಪನೆ: ಮಳೆ ಕೈಕೊಟ್ಟರೆ, ಇಲ್ಲವೇ ಹೊಳೆ ಊರೊಳಗೆ ನುಗ್ಗಿದರೆ ದೇವರು ನಮ್ಮ ಮೇಲೆ ಮುನಿದಿದ್ದಾನೆ.

ವಾಸ್ತವ: ನಮ್ಮ ಹೊಳೆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. 2019ರ ಆಗಸ್ಟ್‌ನಲ್ಲಿ ಆ ಕಡೆ ವಿಪರೀತ ಮಳೆಯಾಯಿತು. ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಟ್ಟರು. ಕೆಳಗಿನ ಊರುಗಳು ಮುಳುಗಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಮುನಿಸೇ ಕಾರಣವಾಗಿದ್ದರೆ ದೇವರು ತನ್ನ ಮನೆಯನ್ನೇ ಏಕೆ ಮುಳುಗಿಸಿಕೊಳ್ಳುತ್ತಿದ್ದ? ಬರದ ಕಾರಣವೂ ಗುಟ್ಟಲ್ಲ. ಮುಂಗಾರು ಮೋಡ ಬಹುಪಾಲು ಸಹ್ಯಾದ್ರಿಯ ಆಚೆಯೇ ಸುರಿದುಬಿಡುತ್ತದೆ, ಮಿಕ್ಕಿದ್ದು ನಮ್ಮ ಎರಿ ಹೊಲಕ್ಕೆ. ದೇವರ ಪ್ರೀತಿಯನ್ನು ನೆರೆ ಬಂದ ಆ ವರ್ಷ ನೋಡಬೇಕಿದ್ದದ್ದು ಗಂಜಿ ಕೇಂದ್ರಗಳಲ್ಲಿ: ಗುರುತು ಪರಿಚಯ ಇಲ್ಲದವರು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿ ಕಳಿಸಿದ್ದರು.

ತಪ್ಪು ಕಲ್ಪನೆ: ಹರಕೆ ತೀರಿಸುವುದು ತಡವಾದರೆ ಮನೆಗೆ ಕಾಟ ತಪ್ಪದು.

ವಾಸ್ತವ: ಕಾಟ ಕೊಡುವುದು ಬಡ್ಡಿ. ಬಡ್ಡಿ ಸಾಲ ತಂದು ಜಾತ್ರೆಯಲ್ಲಿ ಪರವು ಮಾಡಿದವರು, ಮರುವರ್ಷ ಬೀಜ ಗೊಬ್ಬರಕ್ಕೆ ಕೈ ಬರಿದಾಗಿ ಕೂತವರು ನಾವೇ. ಗುಡಿ ಕಟ್ಟಿಸಲಾಗದ ಬಡವನ ಮೈಯನ್ನೇ ಶಿವನ ಮನೆಯೆಂದು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಕಂಡಿದ್ದ.

ತಪ್ಪು ಕಲ್ಪನೆ: ಹುಡುಗಿಯ ತಲೆಯಲ್ಲಿ ಜಡೆ ಬಂದರೆ ಅದು ಯಲ್ಲಮ್ಮನ ಕರೆ. ಅವಳನ್ನು ದೇವಿಗೆ ಬಿಡಬೇಕು, ಜಡೆಗೆ ಕತ್ತರಿ ತಾಗಿಸಬಾರದು.

ವಾಸ್ತವ: ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸಿದ ನಂಬಿಕೆ ಇದು. ಆ ಜಡೆಯನ್ನು ಹತ್ತಿರದಿಂದ ನೋಡಿ. ಜ್ವರದಲ್ಲೋ ಬಾಣಂತನದಲ್ಲೋ ವಾರಗಟ್ಟಲೆ ಎಣ್ಣೆ, ಬಾಚಣಿಕೆ ಕಾಣದ ಕೂದಲು ಬೆವರು, ಧೂಳು ಸೇರಿ ಗಂಟಾಗುತ್ತದೆ. ಅಂಜಿಕೊಂಡು ಯಾರೂ ಬಿಡಿಸುವುದಿಲ್ಲ. ಮೇಲೆ ಭಂಡಾರ ಹಚ್ಚುತ್ತಾರೆ, ಗಂಟು ಇನ್ನಷ್ಟು ಬಿಗಿಯುತ್ತದೆ, ಒಳಗೆ ಹೇನು ಸೇರುತ್ತದೆ, ಭಾರಕ್ಕೆ ಕುತ್ತಿಗೆ ನೋಯುತ್ತದೆ. ಕತ್ತರಿಸಿ ತಲೆ ತೊಳೆದರೆ ಆಗುವುದು ಒಂದೇ, ಹುಡುಗಿಗೆ ನಿದ್ದೆ ಬರುತ್ತದೆ. ತಾಯಿ ಎಂದು ನಾವು ಕರೆಯುವ ದೇವಿ ಮಗಳ ಬಾಳನ್ನು ಕೇಳುತ್ತಾಳೆಂದು ನಂಬುವುದು ಆ ತಾಯಿಗೇ ಹೊರಿಸುವ ಅಪವಾದ. ಹುಡುಗಿಯನ್ನು ದೇವಿಗೆ ಬಿಡಲು ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ಅಪರಾಧವೆಂದು ಸಾರಿದೆ. ಕಟ್ಟಿಸುವ ತಂದೆ ತಾಯಿಗೂ ಶಿಕ್ಷೆಯಿದೆ.

ತಪ್ಪು ಕಲ್ಪನೆ: ದೇವರ ಪ್ರೀತಿಯನ್ನು ಇತರರಿಗೆ ಹಂಚುವುದೆಂದರೆ ಪ್ರವಚನ ಹೇಳುವುದು, ಇಲ್ಲವೇ ಉಳ್ಳವರು ಅನ್ನ ಹಾಕುವುದು.

ವಾಸ್ತವ: ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಇದನ್ನು ತಿರುಗುಮುರುಗಾಗಿಸಿದರು. 1975ರಲ್ಲಿ ಅವರು ಹೊತ್ತ ಜೋಳಿಗೆ ಕಾಳುಕಡಿಗೆ, ಕಾಸಿಗೆ ಹೊತ್ತದ್ದಲ್ಲ. ಮನೆ ಬಾಗಿಲಿಗೆ ಬಂದು ಜನರ ಚಟವನ್ನೇ ಭಿಕ್ಷೆ ಬೇಡಿದರು. ಬೀಡಿಕಟ್ಟು, ತಂಬಾಕಿನ ಚೀಲ, ಗುಟ್ಕಾ ಪೊಟ್ಟಣ ಆ ಜೋಳಿಗೆಗೆ ಬಿದ್ದವು. ಕುಡುಕನನ್ನು ಮನೆಯವರೇ ದೂರ ಇಟ್ಟಾಗ ಒಬ್ಬ ಸ್ವಾಮಿ ಅವನ ಮುಂದೆ ಕೈಚಾಚಿ ನಿಂತದ್ದು ಯಾವ ಪ್ರವಚನಕ್ಕೂ ಸಮನಲ್ಲ. ದಾಸೋಹದ ಒಳಗೆ ಇರುವ ದಾಸನೆಂಬ ಮಾತಿಗೆ ಅದೇ ಅರ್ಥ. ಅವರು 2018ರಲ್ಲಿ ಲಿಂಗೈಕ್ಯರಾದರು; ಅವರು ಹುಟ್ಟಿದ ದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ತಪ್ಪು ಕಲ್ಪನೆ: ಆಣೆ ಮಾಡಿ ಬಿಟ್ಟವನು ಮತ್ತೆ ಕುಡಿದರೆ ದೇವರೂ ಅವನ ಕೈಬಿಡುತ್ತಾನೆ.

ವಾಸ್ತವ: ಕುಡಿತ ರೋಗವೂ ಹೌದು, ಮರುಕಳಿಸುವುದು ಅದರ ಗುಣ. ಬಹುಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಬರಬಹುದು. ಅದನ್ನು ದೇವರ ಶಾಪವೆಂದು ತಿಳಿದು ಎಷ್ಟೋ ಮನೆಗಳಲ್ಲಿ ತಾಯತ ಕಟ್ಟಿಸಿದ್ದಾರೆ, ವೈದ್ಯರ ಬಳಿ ಹೋಗಿಲ್ಲ. ಅವನಿಗೆ ಔಷಧಿ ಬೇಕು, ಜೊತೆಗೆ ಒಬ್ಬರು ಬೇಕು. ತಾಲ್ಲೂಕು ಆಸ್ಪತ್ರೆಗೆ ಅವನೊಬ್ಬನನ್ನೇ ಕಳಿಸಬೇಡಿ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಹೋಗಿ. ಎರಡನೇ ಸಲ ಬಿದ್ದರೆ ಎರಡನೇ ಸಲವೂ ಹೋಗಿ.