ವಿಡಿಯೊ ನೋಡಿ ಬೋರ್ಡೋ ದ್ರಾವಣ ತಯಾರಿಸುವವರಿಗೆ

ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡು, ಕರಾವಳಿಯ ರೈತರಿಗೆ ಹೊಸತಲ್ಲ. ಈಗ ಅದರ ತಯಾರಿಕೆಯನ್ನು ಯೂಟ್ಯೂಬಿನಲ್ಲಿ ನೋಡಿ ಕಲಿಯುವವರೂ ಇದ್ದಾರೆ. ಒಳ್ಳೆಯದೇ. ಬರಹದಲ್ಲಿ 'ಕಲಕುತ್ತಾ ಸುರಿಯಿರಿ' ಎಂದಷ್ಟೇ ಹೇಳಬಹುದು. ಎಷ್ಟು ನಿಧಾನವಾಗಿ ಸುರಿಯಬೇಕು, ಬಣ್ಣ ಹೇಗೆ ತಿಳಿ ನೀಲಿಗೆ ತಿರುಗುತ್ತದೆ ಎಂಬುದನ್ನು ಕಣ್ಣಾರೆ ಕಂಡರೇ ಚೆನ್ನ.

ಸುರಿಯುವ ಕ್ರಮವನ್ನು ಗಮನಿಸಬೇಕು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರಿನಲ್ಲಿ ಬೆರೆಸಿ ಸೋಸಬೇಕು. ತಣಿದ ಸುಣ್ಣದ ನೀರಿಗೆ ತುತ್ತದ ದ್ರಾವಣ ಬೀಳಬೇಕೇ ಹೊರತು ತುತ್ತಕ್ಕೆ ಸುಣ್ಣವಲ್ಲ. ಕಬ್ಬಿಣ, ತಗಡಿನ ಪಾತ್ರೆ ಕೂಡದು.

ವಿಡಿಯೊ ತೋರಿಸಲಾರದ್ದು ನಿಮ್ಮ ಸುಣ್ಣದ ಗುಣ. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಸೇರಿ ಸತ್ವ ಕಳೆದುಕೊಂಡಿರುತ್ತದೆ. ತೆರೆಯ ಮೇಲೆ ಸಾಕಾದ 1 ಕಿಲೋ ನಿಮ್ಮ ಅಂಗಳದಲ್ಲಿ ಸಾಲದೆ ಹೋಗಬಹುದು. ಆಗ ಸುಣ್ಣದೊಡನೆ ಸೇರದೆ ಉಳಿದ ತಾಮ್ರ ಎಳೆಯ ಭಾಗಗಳನ್ನು ಸುಡುತ್ತದೆ. ಆದ್ದರಿಂದ ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ, ಅದು ಬಾರದಂತಾಗುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಿ. ಈ ಪರೀಕ್ಷೆಯಿಲ್ಲದ ವಿಡಿಯೊ, ಎಷ್ಟೇ ಅಂದವಾಗಿರಲಿ, ಅರ್ಧ ಪಾಠವೇ ಸರಿ.

ಇತರ ಔಷಧಿಗಳ ವಿಡಿಯೊ ನೋಡುವಾಗ ಅದನ್ನು ಹಾಕಿದ ದಿನಾಂಕವನ್ನೂ ನೋಡಿರಿ. ಎಂಡೋಸಲ್ಫಾನ್ ನಿಷೇಧವಾದದ್ದು 2011ರಲ್ಲಿ. ಅದಕ್ಕೆ ಹಿಂದಿನ ಸಲಹೆ ಇಂದು ಸಲ್ಲದು. ಬೋರ್ಡೋ ದ್ರಾವಣವನ್ನಂತೂ ತಯಾರಿಸಿದ ದಿನವೇ ಬಳಸಿ ಮುಗಿಸಬೇಕು.