ಅಸೀಲ್ ಕೋಳಿಯೂ ಬೀಜದ ಹುಂಜದ ಆಯ್ಕೆಯೂ



ಸಂಕ್ರಾಂತಿಯ ಕಾಲದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿ, ಅಲ್ಲಿ ನೆರೆಯುವ ದನಗಳ ಸಂತೆಯಲ್ಲಿ ಒಂದೆರಡು ಗಳಿಗೆ ನಿಂತವರಿಗೆ ಒಂದು ನೋಟ ಮರೆಯುವಂತಹುದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಬಂದ ರೈತನು ಹೋರಿಯೊಂದನ್ನು ಕೊಳ್ಳುವ ಮೊದಲು ಅದರ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಗೊರಸನ್ನು ತಟ್ಟಿ, ಬೆನ್ನಮೇಲೆ ಕೈಯಾಡಿಸಿ, ನಾಲ್ಕು ಹೆಜ್ಜೆ ನಡೆಯಿಸಿ ಪರೀಕ್ಷಿಸುತ್ತಾನೆ, ಕೊನೆಗೆ, ಇದರ ತಾಯಿ ಯಾರ ಮನೆಯದು ಎಂದು ವಿಚಾರಿಸುತ್ತಾನೆ. ತಳಿಶಾಸ್ತ್ರದ ಸಾರವೆಲ್ಲ ಈ ನಾಲ್ಕು ಕ್ರಿಯೆಗಳಲ್ಲಿ ಅಡಗಿದೆ. ಆದರೆ ಅದೇ ರೈತನ ಹಿತ್ತಲಲ್ಲಿ ಕೆದರುತ್ತಿರುವ ಕೋಳಿಗಳನ್ನು ತೋರಿಸಿ, ಈ ಮರಿಗಳ ತಂದೆ ಯಾವುದೆಂದು ಕೇಳಿದರೆ ಅವನು ನಕ್ಕುಬಿಡುತ್ತಾನೆ. ಎತ್ತಿಗೆ ವಂಶಾವಳಿಯುಂಟು, ಕೋಳಿಗೆ ಅದೆಲ್ಲಿಯದು ಎಂಬುದೇ ಆ ನಗೆಯ ಅರ್ಥ. ಎತ್ತಿಗೆ ಸಲ್ಲುವ ಈ ವಿವೇಕವನ್ನು ಕೋಳಿಗೂ ಏಕೆ ಸಲ್ಲಿಸಬೇಕು, ಹೇಗೆ ಸಲ್ಲಿಸಬೇಕು ಎಂಬುದೇ ಇಂದಿನ ನನ್ನ ವಿಷಯ.

ಕೋಳಿಯ ಹೆಸರನ್ನು ಕೇಳಿದೊಡನೆ ಕೆಲವರು ರೇಡಿಯೋವಿನ ಕಿವಿಯನ್ನು ತಿರುವಿಯಾರು. ನಾನು ಆಡುವುದು ಊಟದ ಎಲೆಯ ಮಾತಲ್ಲ, ವಂಶದ ಮಾತು. ಅವರೂ ಕೊಂಚ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ನಮ್ಮ ದೇಶದ ಶುದ್ಧ ತಳಿಗಳಲ್ಲಿ ಅಸೀಲ್ ಕೋಳಿ ಬಹು ಪ್ರಸಿದ್ಧವಾದುದು. ನೆಟ್ಟನೆ ನಿಂತ ಮೈ, ಉದ್ದವಾದ ಕೊರಳು, ಗಡುಸಾದ ಗರಿ, ದಪ್ಪ ಕಾಲು, ಕೆಳಕ್ಕೆ ಇಳಿದ ಬಾಲ, ತಲೆಗೆ ಅಂಟಿಕೊಂಡಂತಿರುವ ಸಣ್ಣ ಜುಟ್ಟು, ಇವು ಅದರ ಲಕ್ಷಣಗಳು. ಮೊಟ್ಟೆ ಕಡಿಮೆ, ಆದರೆ ಕಾವಿಗೆ ಕೂತ ಹೇಂಟೆ ಮರಿಗಳನ್ನು ಕಾಯುವುದರಲ್ಲಿ ನಿಸ್ಸೀಮ. ಈ ಕೋಳಿಯನ್ನು ಹಿಂದೆ ಇಂಗ್ಲೆಂಡಿಗೆ ಒಯ್ದರು. ಅಲ್ಲಿಯ ಕಾರ್ನಿಷ್ ಎಂಬ ತಳಿ ಇದರ ರಕ್ತದಿಂದ ಹುಟ್ಟಿತು. ಇಂದು ಲೋಕದಲ್ಲೆಲ್ಲ ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಗಳ ವಂಶದಲ್ಲಿ ಆ ಕಾರ್ನಿಷಿನ ಪಾಲುಂಟು. ನಮ್ಮಲ್ಲಿ ಇದರ ವಂಶವನ್ನು ಎಚ್ಚರದಿಂದ ಕಾಪಾಡಿದವರು ಬಹುಮಟ್ಟಿಗೆ ಕೋಳಿಕಾಳಗದ ಹವ್ಯಾಸಿಗಳೇ. ಪ್ರಾಣಿಗಳನ್ನು ಕಾದಾಡಿಸುವುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವಾಗಿದೆ. ಅದು ಯುಕ್ತವೇ ಸರಿ. ಆದರೆ ಕಾಳಗವನ್ನು ಬಿಟ್ಟಾಗ ಆಯ್ಕೆಯ ಎಚ್ಚರವನ್ನೂ ಬಿಡಬೇಕಾಗಿಲ್ಲ.

ಅಸೀಲ್ ಎಂಬುದು ಅರಬ್ಬೀ ಶಬ್ದ. ಅಪ್ಪಟ, ಕುಲೀನ ಎಂದು ಅದರ ಅರ್ಥ. ನಾವು ದಿನವೂ ಆಡುವ ‘ಅಸಲು’ ಎಂಬ ಮಾತೂ ಅದೇ ಧಾತುವಿನಿಂದ ಬಂದುದು. ಸಾಲದ ಲೆಕ್ಕದಲ್ಲಿ ಅಸಲು ಬೇರೆ, ಬಡ್ಡಿ ಬೇರೆ. ಬಡ್ಡಿಯನ್ನು ಉಂಡವನು ಬಾಳುತ್ತಾನೆ, ಅಸಲನ್ನು ಉಂಡವನು ಕೆಡುತ್ತಾನೆ. ಕೋಳಿಯ ಮಂದೆಯಲ್ಲಿ ಮೊಟ್ಟೆಯೂ ಹೆಚ್ಚಿನ ಮರಿಗಳೂ ಬಡ್ಡಿ. ಮುಂದಿನ ಪೀಳಿಗೆಗೆ ತಂದೆತಾಯಿಗಳಾಗಬೇಕಾದ ಕೆಲವು ಪಕ್ಷಿಗಳೇ ಅಸಲು.

ನಾವು ಮಾಡುತ್ತಿರುವುದೇನು? ಹಬ್ಬವೋ ಬೀಗರ ಊಟವೋ ಬಂದಾಗ ಮನೆಯವರ ಕಣ್ಣು ಬೀಳುವುದು ಎಲ್ಲಕ್ಕಿಂತ ಮೈತುಂಬಿದ ಹುಂಜದ ಮೇಲೆ. ಸಂತೆಯಲ್ಲಿ ಹೆಚ್ಚು ಬೆಲೆ ಬರುವುದೂ ಅದಕ್ಕೇ. ಅದು ಹೋದಮೇಲೆ ಉಳಿಯುವುದು, ಯಾರೂ ಬೇಡವೆಂದ ಸಣಕಲು ಹುಂಜ. ಮುಂದಿನ ಮರಿಗಳಿಗೆಲ್ಲ ಅದೇ ತಂದೆ. ಹೀಗೆ ವರ್ಷ ವರ್ಷವೂ ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಬಿತ್ತಿ, ಕೊನೆಗೆ ‘ಜವಾರಿ ಕೋಳಿಯ ಕಸುವೇ ಹೋಯಿತು’ ಎಂದು ಹಲುಬುತ್ತೇವೆ. ಆಯ್ಕೆ ನಡೆಯದೆ ಇರುವುದಿಲ್ಲ. ಅದು ತಿರುಗುಮುರುಗಾಗಿ ನಡೆದಿರುತ್ತದೆ, ಅಷ್ಟೆ. ಮಾರಿದ ಪಕ್ಷಿಯಿಂದ ತಳಿ ಆಗುವುದಿಲ್ಲ. ಉಳಿಸಿಕೊಂಡ ಪಕ್ಷಿಯಿಂದ ಆಗುತ್ತದೆ.

ಆಯ್ಕೆಯನ್ನು ಮೊಟ್ಟೆಯಿಂದಲೇ ಆರಂಭಿಸತಕ್ಕದ್ದು. ಬಹು ದೊಡ್ಡದು, ಬಹು ಚಿಕ್ಕದು, ಸೊಟ್ಟನೆಯದು, ತೆಳು ಚಿಪ್ಪಿನದು, ಬಿರುಕು ಬಿಟ್ಟದ್ದು, ಇವುಗಳನ್ನು ಕಾವಿಗೆ ಇಡಬಾರದು. ತಂಪಾದ ಸ್ಥಳದಲ್ಲಿ ಚೂಪು ತುದಿ ಕೆಳಗಾಗಿ ಇಟ್ಟ, ಒಂದು ವಾರದೊಳಗಿನ ಮೊಟ್ಟೆಗಳು ಉತ್ತಮ. ೨೧ ದಿನಗಳ ಕಾವು ಮುಗಿದಾಗ ಮರಿ ತಾನಾಗಿಯೇ ಚಿಪ್ಪನ್ನು ಒಡೆದು ಬರಬೇಕು. ಒಡೆಯಲಾರದ ಮರಿಗೆ ನಾವು ಬಿಡಿಸಿ ನೆರವಾದರೆ ಅದು ಬದುಕೀತು. ಆದರೆ ಅದನ್ನು ವಂಶಕ್ಕೆ ಉಳಿಸಿಕೊಳ್ಳಲಾಗದು. ಹೊಳೆಯುವ ಕಣ್ಣು, ಮುಚ್ಚಿಕೊಂಡ ಹೊಕ್ಕುಳು, ನೆಟ್ಟಗಿನ ಬೆರಳು, ಸರಿಯಾಗಿ ಕೂಡುವ ಕೊಕ್ಕು, ಇವು ಮೊದಲ ದಿನ ನೋಡತಕ್ಕ ಲಕ್ಷಣಗಳು.

ಎಂಟು ವಾರವಾದಾಗ ಎರಡನೆಯ ಪರೀಕ್ಷೆ. ಜೊತೆಯವಕ್ಕಿಂತ ತೀರ ಹಿಂದುಳಿದುದನ್ನೂ ಕಾಲು ಎದೆಮೂಳೆ ಸೊಟ್ಟಾದುದನ್ನೂ ಬೇರೆ ಮಾಡಬೇಕು. ಅಸೀಲ್ ನಿಧಾನವಾಗಿ ಬೆಳೆಯುವ ಜಾತಿಯಾದುದರಿಂದ ಅದರ ಪೂರ್ಣ ರೂಪವನ್ನು ಐದಾರು ತಿಂಗಳಿಗೇ ನಿರ್ಣಯಿಸಲಾಗದು. ಮೂರನೆಯ ಪರೀಕ್ಷೆಗೆ ವರ್ಷ ತುಂಬುವವರೆಗೂ ಕಾಯಬೇಕು. ಎರಡು ಬೇಸಿಗೆಗಳನ್ನು ದಾಟಿದ ಹೇಂಟೆಯೇ ಮಿಕ್ಕವಕ್ಕಿಂತ ನಂಬಿಕೆಗೆ ಅರ್ಹ. ವಿಜಯಪುರದ ಬಿಸಿಲಿನಲ್ಲಿ ಬದುಕಿ, ಮೊಟ್ಟೆಯಿಟ್ಟು, ಮರಿಗಳನ್ನು ದೊಡ್ಡವು ಮಾಡಿದುದೇ ಅದರ ಯೋಗ್ಯತಾಪತ್ರ.

ಕಣ್ಣಿಗೆ ಕಾಣುವ ಗುಣಗಳ ಹಿಂದೆ ಕಾಣದ ಗುಣಗಳೂ ಉಂಟು. ೧೯೦೨ರಲ್ಲಿ ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಎಂಬ ವಿದ್ವಾಂಸರು, ಮೆಂಡಲನು ಬಟಾಣಿ ಗಿಡಗಳಲ್ಲಿ ಕಂಡ ನಿಯಮವು ಪ್ರಾಣಿಗಳಲ್ಲಿಯೂ ನಡೆಯುತ್ತದೆಂದು ತೋರಿಸಿದುದು ಕೋಳಿಯ ಜುಟ್ಟಿನಿಂದಲೇ. ಗರಗಸದ ಹಲ್ಲಿನಂತಿರುವ ಒಂಟಿ ಜುಟ್ಟು ಒಂದು ಬಗೆ. ಮೂರು ಮೊಟುಕು ಸಾಲುಗಳಾಗಿ ತಲೆಗೆ ಅಂಟಿರುವ ಬಟಾಣಿ ಜುಟ್ಟು ಇನ್ನೊಂದು. ಅಸೀಲಿನದು ಈ ಎರಡನೆಯದು. ಬಟಾಣಿ ಜುಟ್ಟಿನ ಗುಣ ಪ್ರಬಲ, ಒಂಟಿ ಜುಟ್ಟಿನದು ದುರ್ಬಲ. ಆದಕಾರಣ ಬಟಾಣಿ ಜುಟ್ಟಿನ ಪಕ್ಷಿಯೊಂದು ಒಂಟಿ ಜುಟ್ಟಿನ ಗುಣವನ್ನು ತನ್ನೊಳಗೆ ಬಚ್ಚಿಟ್ಟುಕೊಂಡಿರಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಗಿರಿರಾಜದ ಹುಂಜವೋ ನೆರೆಮನೆಯ ಜವಾರಿ ಹುಂಜವೋ ಎಂದೋ ಬೇಲಿ ದಾಟಿ ಬಂದುದರ ಗುರುತು ಹೀಗೆ ಪೀಳಿಗೆಗಳ ಕಾಲ ಅಡಗಿದ್ದು, ಒಂದು ದಿನ ಮರಿಯ ತಲೆಯ ಮೇಲೆ ಪ್ರಕಟವಾದೀತು. ಅಂತಹ ಮರಿ ಹುಟ್ಟಿದರೆ ತಂದೆತಾಯಿಗಳೆರಡರಲ್ಲಿಯೂ ಆ ಗುಣ ಅಡಗಿದೆಯೆಂದು ತಿಳಿಯಬೇಕು.

ಹುಂಜದ ಮೇಲೆ ಸಂಶಯವಿದ್ದರೆ ಪರೀಕ್ಷೆ ಸುಲಭ. ಅದನ್ನು ಒಂಟಿ ಜುಟ್ಟಿನ ಹೇಂಟೆಯೊಡನೆ ಕೂಡಿಸಿ. ಹುಂಜದಲ್ಲಿ ದೋಷ ಅಡಗಿದ್ದರೆ ಸುಮಾರು ಅರ್ಧದಷ್ಟು ಮರಿಗಳಿಗೆ ಒಂಟಿ ಜುಟ್ಟು ಬರುತ್ತದೆ. ಹತ್ತು ಮರಿಗಳಲ್ಲಿ ಒಂದಕ್ಕೂ ಬಾರದಿದ್ದರೆ ಹುಂಜ ಶುದ್ಧವೆಂದು ನಂಬಬಹುದು. ದೋಷವಿದ್ದೂ ಹಾಗಾಗುವ ಸಂಭವ ೧೦೨೪ರಲ್ಲಿ ಒಂದು ಮಾತ್ರ. ಆದರೂ ಕಾಲು, ಕಸುವು, ತಾಯ್ತನಗಳಲ್ಲಿ ಉತ್ತಮವಾದ ಪಕ್ಷಿಯನ್ನು ಜುಟ್ಟಿನದೊಂದೇ ನೆಪದಿಂದ ಅವಸರವಾಗಿ ತ್ಯಜಿಸಬಾರದು. ಮಂದೆ ಚಿಕ್ಕದಾದಷ್ಟೂ ಒಂದೊಂದು ಜೀವವೂ ಬೆಲೆಯುಳ್ಳದ್ದು.

ಇಲ್ಲಿ ಒಂದು ಲೆಕ್ಕವನ್ನು ಹೇಳಬೇಕು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕೆಂಬುದು ವಾಡಿಕೆ; ಮೊಟ್ಟೆ ಫಲಿಸುವ ಮಟ್ಟಿಗೆ ಅದು ನಿಜ. ಆದರೆ ಪ್ರತಿಯೊಂದು ಮರಿಯೂ ತನ್ನ ರಕ್ತದ ಅರ್ಧವನ್ನು ತಂದೆಯಿಂದ ಪಡೆಯುತ್ತದೆ. ತಂದೆ ಒಂದೇ ಆದರೆ ಮರಿಗಳೆಲ್ಲ ಒಡಹುಟ್ಟುಗಳೇ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಎರಡರ ಮೊತ್ತದಿಂದ ಭಾಗಿಸಿದರೆ ವಂಶದ ದೃಷ್ಟಿಯಿಂದ ಮಂದೆಯ ನಿಜವಾದ ಗಾತ್ರ ತಿಳಿಯುತ್ತದೆ. ಒಂದು ಹುಂಜ, ಹತ್ತು ಹೇಂಟೆಗಳಿದ್ದರೆ ಅದು ೩.೬, ಹನ್ನೊಂದು ಪಕ್ಷಿಗಳಿದ್ದರೂ ನಾಲ್ಕರಷ್ಟಿಲ್ಲ. ಇನ್ನೂ ಹತ್ತು ಹೇಂಟೆಗಳನ್ನು ತಂದು ಸೇರಿಸಿದರೆ ೩.೮ ಆಗುತ್ತದೆ, ಲಾಭ ಏನೂ ಇಲ್ಲವೆಂದೇ ಹೇಳಬೇಕು. ಅದರ ಬದಲು ಎರಡೇ ಹುಂಜಗಳನ್ನು ಹೆಚ್ಚಿಸಿ, ಹತ್ತು ಹೇಂಟೆಗಳಿಗೆ ಮೂರು ಹುಂಜಗಳೆಂದು ಮಾಡಿದರೆ ೯ಕ್ಕೆ ಏರುತ್ತದೆ. ನಾವು ಹೆಚ್ಚೆಂದು ಮಾರಿಬಿಡುವ ಹುಂಜಗಳಲ್ಲಿಯೇ ವಂಶದ ಆಯುಸ್ಸು ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಸೀಲ್ ಹುಂಜಗಳು ಒಂದೆಡೆ ಇದ್ದರೆ ಕಾದಾಡುತ್ತವೆ. ಆದುದರಿಂದ ಒಂದೊಂದು ಹುಂಜಕ್ಕೆ ಮೂರು ನಾಲ್ಕು ಹೇಂಟೆಗಳಂತೆ ಬೇರೆ ಬೇರೆ ಗೂಡು ಮಾಡಬೇಕು. ಜಾಗವೂ ಜೋಳವೂ ಹೆಚ್ಚು ಬೇಕಾಗುವುದು ನಿಜ. ಆದರೆ ಯಾವ ಮರಿಗೆ ಯಾವ ತಂದೆಯೆಂಬುದು ಹೀಗೆ ತಾನಾಗಿಯೇ ತಿಳಿಯುತ್ತದೆ. ಮರಿಯ ಬೆರಳುಗಳ ನಡುವಣ ತೊಗಲಿಗೆ ಮೊದಲ ದಿನವೇ ಸಣ್ಣ ರಂಧ್ರ ಮಾಡಿ ಗುರುತಿಡುವುದುಂಟು. ಎರಡು ಕಾಲಿನಲ್ಲಿ ಅಂತಹ ನಾಲ್ಕು ಸ್ಥಳಗಳಿರುವುದರಿಂದ ೧೬ ಬಗೆಯ ಗುರುತುಗಳು ಸಾಧ್ಯ. ಮಿಕ್ಕುದಕ್ಕೆ ಒಂದು ಬರೆಹದ ಪುಸ್ತಕ ಸಾಕು.

ಒಬ್ಬನಿಂದಲೇ ಇದೆಲ್ಲ ಆಗದು. ನಾಲ್ವರು ಕೂಡಿದರೆ ಆದೀತು. ಉತ್ತರದ ಭೀಮೆಗೂ ದಕ್ಷಿಣದ ಕೃಷ್ಣೆಗೂ ನಡುವೆ ಹರಡಿರುವ ಈ ನಾಲ್ಕು ಊರುಗಳಲ್ಲಿ ಒಬ್ಬೊಬ್ಬ ಆಸಕ್ತನು ಮೂರು ಹುಂಜ, ಹತ್ತು ಹೇಂಟೆಗಳನ್ನು ಇಟ್ಟುಕೊಂಡನೆಂದು ಭಾವಿಸಿ. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲಿಯೇ ಉಳಿಯಲಿ. ಆರಿಸಿದ ಗಂಡುಮರಿಗಳು ಬೆಳೆದಮೇಲೆ ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ, ಅಲ್ಲಿಂದ ಬಸವನ ಬಾಗೇವಾಡಿಗೆ, ಅಲ್ಲಿಂದ ಮತ್ತೆ ಇಂಡಿಗೆ ಹೋಗಲಿ. ಮಗಳು ತವರಿನಲ್ಲಿಯೇ ಇದ್ದು ಅಳಿಯನು ಮನೆಗೆ ಬರುವ ಸಂಸಾರವಿದು! ಒಂದು ಸುತ್ತು ಮುಗಿಯುವವರೆಗೆ ಹತ್ತಿರದ ರಕ್ತ ಕೂಡುವುದಿಲ್ಲ. ನಾಲ್ಕನ್ನೂ ಒಂದೇ ಮಂದೆಯೆಂದು ಎಣಿಸಿದರೆ ಹನ್ನೆರಡು ಹುಂಜ, ನಲವತ್ತು ಹೇಂಟೆಗಳಾಗಿ, ಹಿಂದೆ ಹೇಳಿದ ಲೆಕ್ಕ ಸುಮಾರು ೩೭ಕ್ಕೆ ಬರುತ್ತದೆ.

ಹೊಸ ಹುಂಜ ಬಂದಾಗ ಮೂರು ವಾರ ಅದನ್ನು ದೂರ ಇಡಬೇಕು. ಹಳೆಯ ಹುಂಜವನ್ನು ತೆಗೆದಮೇಲೂ ಎರಡು ಮೂರು ವಾರಗಳ ಕಾಲ ಅದರ ಬೀಜವೇ ಹೇಂಟೆಯಲ್ಲಿ ಫಲಿಸುತ್ತಿರುತ್ತದೆ. ಅಷ್ಟರಲ್ಲಿ ಇಟ್ಟ ಮೊಟ್ಟೆಗಳನ್ನು ತಳಿಗೆ ಬಳಸಬಾರದು. ಅದೇ ಅವಧಿಯಲ್ಲಿ ಹೊಸಬನೊಡನೆ ರೋಗವೇನಾದರೂ ಬಂದಿದೆಯೇ ಎಂಬುದೂ ತಿಳಿದುಬರುತ್ತದೆ. ಹಿಮಾಲಯದ ರಾಣಿಖೇತದ ಹೆಸರನ್ನು ಹೊತ್ತ, ನಮ್ಮವರು ಕೊಕ್ಕರೆ ರೋಗವೆನ್ನುವ ಜಾಡ್ಯ, ಲಸಿಕೆ ಹಾಕದ ಮಂದೆಯನ್ನು ಕೆಲವೇ ದಿನಗಳಲ್ಲಿ ಬರಿದು ಮಾಡಬಲ್ಲದು. ಲಸಿಕೆಯನ್ನು ಮರೆಯಬಾರದು. ಮರೆತವನ ಗೂಡು ಬರಿದಾದರೂ ವಂಶವು ಮಿಕ್ಕ ಮೂರು ಊರುಗಳಲ್ಲಿ ಉಳಿದಿರುತ್ತದೆ ಎಂಬುದು ಈ ಏರ್ಪಾಟಿನ ಇನ್ನೊಂದು ಪ್ರಯೋಜನ.

ಆ ನಾಡಿನ ಎರೆಭೂಮಿಯನ್ನು ಉಳುವುದಕ್ಕೆ ಹೇಳಿಮಾಡಿಸಿದಂತಿದ್ದ ಕೃಷ್ಣಾ ಕಣಿವೆಯ ದನಗಳು ಇಂದು ವಿರಳವಾಗಿವೆ. ಅಷ್ಟು ಎಚ್ಚರದಿಂದ ಆರಿಸಿದ ತಳಿಯೇ, ಸಾಕುವವರು ಕಡಿಮೆಯಾದಾಗ ಹೀಗೆ ಕ್ಷೀಣಿಸಿತು. ಯಾರೂ ಆರಿಸದ ಕೋಳಿಯ ಗತಿ ಏನಾದೀತು? ಪಟ್ಟಣವಾಸಿಗಳಾದ ತಾವು ಗೂಡು ಕಟ್ಟದಿದ್ದರೂ ಚಿಂತೆಯಿಲ್ಲ. ಜವಾರಿ ಕೋಳಿಗೆ ಹೆಚ್ಚು ಬೆಲೆ ಕೊಡುವವರು ತಾವೇ. ಮುಂದೆ ಕೊಳ್ಳುವಾಗ ಮಾರುವವನನ್ನು ಒಂದು ಮಾತು ಕೇಳಿ: ‘ಇದಕ್ಕಿಂತ ಒಳ್ಳೆಯದೊಂದನ್ನು ಮನೆಯಲ್ಲಿ ಉಳಿಸಿಕೊಂಡಿದ್ದೀಯಪ್ಪಾ?’ ಅವನು ಹೌದೆಂದರೆ ನಿಶ್ಚಿಂತೆಯಿಂದ ಕೊಳ್ಳಿರಿ. ಅವನ ಮನೆಯಲ್ಲಿ ಅಸಲು ಭದ್ರವಾಗಿದೆ.